ಬಿದ್ದವನು ಏಳುವವರೆಗೆ

ಹಿಂದಿನ ಕೋಣೆಯಲ್ಲಿ ದೊಪ್ಪೆಂದು ಸದ್ದಾದಾಗ ಅವಳು ಒಂದು ಹಳೆಯ ಸೂಟ್‌ಕೇಸಿಗೆ ಹೊಸ ಜಿಪ್ಪು ಹಾಕುತ್ತಿದ್ದಳು. ಸೂಟ್‌ಕೇಸಿನ ಜಿಪ್ಪು ಅಂಗಿಯ ಜಿಪ್ಪಿನ ಹಾಗಲ್ಲ. ಮೂರು ಬದಿ ಸುತ್ತಿ ಬರಬೇಕು, ಮೂಲೆಯಲ್ಲಿ ಸ್ವಲ್ಪ ಕೈ ತಪ್ಪಿದರೂ ಹಲ್ಲಿಗೆ ಹಲ್ಲು ಕೂಡುವುದಿಲ್ಲ. ಅವಳು ಮೊದಲ ಮೂಲೆ ತಿರುಗಿಸುತ್ತಿದ್ದಳು. ತಲೆ ಎತ್ತದೆ, ಮೆಷಿನ್ ನಿಲ್ಲಿಸದೆ ಕೇಳಿದಳು.

"ಆಯ್ತಾ?"

ಉತ್ತರ ಬರಲಿಲ್ಲ.

ಆ ಮನೆಯಲ್ಲಿ ಬೆಳಗ್ಗೆ ದೊಪ್ಪೆಂದು ಸದ್ದಾಗುವುದು ಬೇರೆ ಮನೆಗಳಲ್ಲಿ ನಲ್ಲಿ ಬಿಟ್ಟ ಸದ್ದಾದ ಹಾಗೆ. ಅವಳ ಗಂಡನ ಕೆಲಸವೇ ಬೀಳುವುದು. ಸಿನಿಮಾದಲ್ಲಿ ಹೀರೋ ಮಹಡಿಯಿಂದ ಹಾರಿದರೆ ಹಾರುವವನು ಇವನು. ವಿಲನ್ ಗಾಜು ಒಡೆದುಕೊಂಡು ಬೀದಿಗೆ ಬಿದ್ದರೆ ಬೀಳುವವನೂ ಇವನು. ಕೆಲಸವಿರಲಿ, ಇಲ್ಲದಿರಲಿ, ಬೆಳಗ್ಗೆ ಹಿಂದಿನ ಕೋಣೆಯಲ್ಲಿ ಹಳೆಯ ಕೌದಿಗಳನ್ನು ಹಾಸಿಕೊಂಡು ಒಂದಿಷ್ಟು ಸಲ ಬೀಳುತ್ತಿದ್ದ. ಬೀಳುವುದನ್ನು ಮೈ ಮರೆಯಬಾರದು ಎನ್ನುತ್ತಿದ್ದ. ಅವನು ಬಿದ್ದಾಗ ಅವಳು ಇಲ್ಲಿಂದಲೇ "ಆಯ್ತಾ?" ಎನ್ನಬೇಕು, ಅವನು ಅಲ್ಲಿಂದ "ಆಯ್ತು" ಎನ್ನಬೇಕು. ಅಷ್ಟಾದರೆ ಎಲ್ಲ ಸರಿಯಿದೆ ಎಂದು ಅರ್ಥ.

ಬಿದ್ದವನ ಹತ್ತಿರ ಅವನು ದನಿ ಕೊಡುವವರೆಗೆ ಹೋಗಬಾರದು, ಹೋದರೂ ಮುಟ್ಟಬಾರದು. ಫೈಟಿನವರೆಲ್ಲರ ನಿಯಮ ಅದು. ಬಿದ್ದವನಿಗೆ ಮಾತ್ರ ತನ್ನ ಮೈಯಲ್ಲಿ ಯಾವುದು ಎಲ್ಲಿದೆ ಎಂದು ಗೊತ್ತಿರುತ್ತದೆ, ಹತ್ತಿರದವರು ಗಾಬರಿಯಲ್ಲಿ ಎಳೆದಾಡಿದರೆ ಸರಿಯಿದ್ದದ್ದೂ ಕೆಡುತ್ತದೆ. ಮದುವೆಯಾದ ಹೊಸದರಲ್ಲಿ ಅವಳಿಗೆ ಇದು ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಸದ್ದು ಕೇಳಿ ಓಡಿಹೋಗಿ, ಅಯ್ಯೋ ಎಂದು ತೋಳು ಹಿಡಿದು ಎಬ್ಬಿಸಿದ್ದಳು. ಮೊದಲೇ ಭುಜದ ಕೀಲು ಸರಿದಿತ್ತು. ಅವಳು ಎಳೆದ ರಭಸಕ್ಕೆ ಅದು ಪೂರ್ತಿ ಕಳಚಿಕೊಂಡು, ಅವನು ತಿಂಗಳುಗಟ್ಟಲೆ ಮನೆಯಲ್ಲಿ ಕೂತ. ಆಮೇಲೆ ಅವಳು ಎಂದೂ ಓಡಿಹೋಗಲಿಲ್ಲ.

ಅವತ್ತು ಇಬ್ಬರಿಗೂ ಬೆಳಗ್ಗೆಯೇ ಮಾತಿಗೆ ಮಾತು ಬೆಳೆದಿತ್ತು. ಹೊಸ ಸಿನಿಮಾದಲ್ಲಿ ಅವನಿಗೆ ಪರದೆಯ ಮೇಲೆ ಹೇಳಲು ಒಂದು ಮಾತು ಸಿಕ್ಕಿತ್ತು. ಜೀವಮಾನದಲ್ಲಿ ಮೊದಲನೆಯದು. ಶೂಟಿಂಗ್ ಮುಗಿದಿತ್ತು, ಡಬ್ಬಿಂಗೂ ಆಗಿತ್ತು, ಆದರೂ ಹಲ್ಲುಜ್ಜುವಾಗ, ಬಟ್ಟೆ ಒಣಹಾಕುವಾಗ ಅದನ್ನೇ ಹೇಳುತ್ತಿದ್ದ.

"ಮುಗಿದ ಮಾತನ್ನ ಎಷ್ಟು ಸಲ ಅಂತ ಹೇಳ್ತೀರಿ ರೀ? ಗಿಳಿ ಸಾಕಿದ ಹಾಗಾಗಿದೆ ನನಗೆ. ಬಾಯ್ಮುಚ್ಕೊಂಡು ಹೋಗಿ ಬೀಳಿ, ಹೋಗಿ."

ಅವನು ಮುಖ ಊದಿಸಿಕೊಂಡು ಒಳಗೆ ಹೋಗಿದ್ದ. ಹಾಗಾಗಿ ಉತ್ತರ ಬಾರದಿದ್ದಾಗ ಮುನಿಸು ಎಂದುಕೊಂಡಳು. ಎರಡನೇ ಮೂಲೆಯಲ್ಲಿ ಇನ್ನೊಮ್ಮೆ ಕೂಗಿದಳು. "ಆಯ್ತಾ ಅಂದೆ." ಇಲ್ಲ. ಇರಲಿ, ಸಿಟ್ಟು ಇಳಿದ ಮೇಲೆ ಬರುತ್ತಾರೆ, ಟೀ ಬೇಕಾದಾಗ ಬಾಯಿ ತಾನಾಗಿ ಬಿಚ್ಚುತ್ತದೆ ಎಂದುಕೊಂಡು ಮೂರನೇ ಬದಿಯನ್ನೂ ಹೊಲಿದಳು. ದಾರ ಕತ್ತರಿಸಿದಳು. ಜಿಪ್ಪನ್ನು ಈ ಕಡೆಯಿಂದ ಆ ಕಡೆಗೆ ಎಳೆದು ನೋಡಿದಳು. ಸಲೀಸಾಗಿ ಓಡಿತು.

ಮೆಷಿನ್ ನಿಂತಿತ್ತು. ಹಿಂದಿನ ಕೋಣೆಯಿಂದ ಉಸಿರಿನ ಸದ್ದು ಕೂಡ ಬರುತ್ತಿರಲಿಲ್ಲ. ಆಗ ಎದ್ದಳು.

ಬಾಗಿಲಲ್ಲೇ ಅವಳಿಗೆ ಗೊತ್ತಾಯಿತು. ಅವನು ಹಾಗೆ ಬೀಳುವವನೇ ಅಲ್ಲ. ಅವನು ಬಿದ್ದರೆ ಗಲ್ಲ ಎದೆಗೆ ಒತ್ತಿರುತ್ತಿತ್ತು, ಒಂದು ಅಂಗೈ ನೆಲಕ್ಕೆ ಬಡಿದು ಚಾಚಿರುತ್ತಿತ್ತು. ಈಗ ಎರಡೂ ಕೈ ಮೈಯ ಪಕ್ಕದಲ್ಲಿ ನೇರವಾಗಿದ್ದವು, ಮುಖ ಕೌದಿಗೆ ಒತ್ತಿತ್ತು. ಬೀಳಲು ಕಲಿಯದ ಯಾರೋ ಬಿದ್ದ ಹಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, ಕನ್ನಡಕ ತೆಗೆದು, ಮೆಲ್ಲಗೆ ಹೇಳಿದರು. "ಆಯ್ತಮ್ಮಾ."

ಅವಳು ಅವರ ಮುಖವನ್ನೇ ನೋಡುತ್ತಾ ನಿಂತಳು. ಆ ಮಾತನ್ನು ಅವರು ಹೇಳಬಾರದಿತ್ತು, ಅದು ಒಳಗೆ ಮಲಗಿದ್ದವನು ಹೇಳಬೇಕಾದ ಮಾತು ಎಂಬುದೊಂದೇ ತಲೆಯಲ್ಲಿತ್ತು. ಮಗಳು ಹಿಂದಿನಿಂದ ಹಿಡಿದುಕೊಳ್ಳದಿದ್ದರೆ ಡಾಕ್ಟರ ಕೊರಳಪಟ್ಟಿಗೇ ಕೈ ಹಾಕುತ್ತಿದ್ದಳೋ ಏನೋ.

"ಬಿದ್ದ ಏಟಿಗಾ ಸಾರ್?" ಎಂದು ಕೇಳಿದವನು ಡಬ್ಬ.

ಡಬ್ಬ ಎಂದರೆ ಅವಳ ಗಂಡನ ಜೊತೆಗಾರ. ಖಾಲಿ ರಟ್ಟಿನ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಹಾಸಿಗೆ ಹಾಕಿ, ಇವನು ಬೀಳುವ ಜಾಗ ಸಿದ್ಧ ಮಾಡುವುದು ಅವನ ಕೆಲಸ. ಇಷ್ಟು ವರ್ಷ ಇವನು ಬಿದ್ದಿದ್ದೆಲ್ಲ ಅವನ ಡಬ್ಬಗಳ ಮೇಲೆ.

ಡಾಕ್ಟರು ತಲೆಯಾಡಿಸಿದರು. "ಬಿದ್ದು ಸತ್ತದ್ದಲ್ಲಪ್ಪ. ಸತ್ತು ಬಿದ್ದದ್ದು. ನಿಂತಲ್ಲೇ ಹೃದಯ ನಿಂತಿದೆ."

ಡಬ್ಬ ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದ. ಅವಳು ಮಾತ್ರ ಕೇಳಿದಳು. "ತಕ್ಷಣ ನೋಡಿದ್ದರೆ?"

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. "ಅದನ್ನ ಹೇಳಕ್ಕಾಗಲ್ಲ."

ಮನೆಗೆ ಬಂದವರಿಗೆಲ್ಲ ಮಗಳು ಒಂದೇ ಮಾತು ಹೇಳಿದಳು: ಮೆಷಿನ್ ಸದ್ದಿನಲ್ಲಿ ಅಮ್ಮನಿಗೆ ಕೇಳಿಸಲಿಲ್ಲ. ಬಂದವರು ಹೌದೌದು, ಪಾಪ, ಎಂದರು. ಅವಳು ತಿದ್ದಲಿಲ್ಲ. ಅವಳಿಗೆ ಅಳುವೂ ಬರಲಿಲ್ಲ. ಸೂಟ್‌ಕೇಸಿನ ಯಜಮಾನ ಬಂದಾಗ ಎದ್ದು ಹೋಗಿ ಕೊಟ್ಟು ಬಂದಳು. ಅವನು ಜಿಪ್ಪು ಎಳೆದು ನೋಡಿ, ಚೆನ್ನಾಗಿದೆ ಎಂದ.

ನಮ್ಮ ಮೂಟೆ ಸತ್ತ ಎಂದು ಫೈಟಿನವರು ಯಾರೂ ಮೊದಲು ನಂಬಲಿಲ್ಲ. ಮೂಟೆ ಎಂದು ಹೆಸರಿಟ್ಟವರು ಹಳೆಯ ಫೈಟ್ ಮಾಸ್ಟರ್. ಕೆಲಸ ಕೇಳಲು ಬಂದ ತೆಳ್ಳಗಿನ ಹುಡುಗನನ್ನು ಲಾರಿಯ ಮೇಲಿಂದ ಬೀಳು ಎಂದಿದ್ದರು. ಅಕ್ಕಿಮೂಟೆ ಇಳಿಸಿದ ಹಾಗೆ ಬಿದ್ದಿದ್ದ. ಮಾಸ್ಟರ್ ಹಣೆ ಚಚ್ಚಿಕೊಂಡು, "ಇದು ಮೂಟೆ ಕಣ್ರೋ, ಹೊತ್ಕೊಂಡು ಹೋಗಿ" ಎಂದು ಮುಖ ತಿರುಗಿಸುವಷ್ಟರಲ್ಲಿ ಅವನು ಎದ್ದು ನಿಂತು, "ಇನ್ನೂ ಎತ್ತರದಿಂದ ಇದೆಯಾ ಸಾರ್?" ಎಂದಿದ್ದ. ಹೆಸರು ಅಂಟಿಕೊಂಡಿತು. ಹೆಂಡತಿಯೂ ಬಿಡಲಿಲ್ಲ. "ಗಂಟು ಸಿಗುತ್ತೆ ಅಂತ ಮದುವೆಯಾದೆ, ಸಿಕ್ಕಿದ್ದು ಬರೀ ಮೂಟೆ" ಎಂದು ನೆಂಟರ ಮುಂದೆ ಕಾಲೆಳೆಯುತ್ತಿದ್ದಳು. ಅವನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಬೀಳುವ ಹುಚ್ಚು ಹಿಡಿದದ್ದು ಪುಸ್ತಕಗಳಿಂದ. ಹುಡುಗನಾಗಿದ್ದಾಗ ಬೀದಿಯ ಕೊನೆಯ ಬಾಡಿಗೆ ಪುಸ್ತಕದಂಗಡಿಯಲ್ಲಿ ಕಪ್ಪುಟೋಪಿ ಎಂಬ ಪತ್ತೇದಾರನ ಕಾದಂಬರಿಗಳು ಸಿಗುತ್ತಿದ್ದವು. ಬೀಡಿ ಬಣ್ಣದ ಕಾಗದ, ರಟ್ಟಿನ ಮೇಲೆ ಪಿಸ್ತೂಲು, ಹೊಗೆ, ಕಿರುಚುವ ಹೆಂಗಸು. ಪ್ರತಿ ಪುಸ್ತಕದ ಕೊನೆಯಲ್ಲೂ ಕಪ್ಪುಟೋಪಿ ಬೀಳುತ್ತಿದ್ದ. ವಿಮಾನದಿಂದ, ಜಲಪಾತದಿಂದ, ಮೊಸಳೆ ತುಂಬಿದ ಬಾವಿಗೆ. ಮುಂದಿನ ಪುಸ್ತಕದ ಮೊದಲ ಪುಟದಲ್ಲಿ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುತ್ತಾ ಕೂತಿರುತ್ತಿದ್ದ. ನಡುವೆ ಏನಾಯಿತು, ಹೇಗೆ ಬದುಕಿದ ಎಂಬ ಮಾತೇ ಇಲ್ಲ.

"ಆ ಬರೆಯೋರು ನನಗೆ ಮೋಸ ಮಾಡಿದ್ರು ಕಣೋ ಡಬ್ಬ" ಎನ್ನುತ್ತಿದ್ದ. "ಬಿದ್ದೋನು ಬದುಕೋದು ಹೇಗೆ ಅಂತ ಒಬ್ಬನೂ ಬರೀಲಿಲ್ಲ. ಅದನ್ನ ಕಂಡುಹಿಡಿಯೋಣ ಅಂತ ನಾನೇ ಬಿದ್ದೆ."

"ಕಂಡುಹಿಡಿದ್ಯಾ?"

"ನಿನ್ನ ಡಬ್ಬ."

ಅವನ ಮುಖ ಮಾತ್ರ ಯಾವ ಪರದೆಯ ಮೇಲೂ ಬರಲಿಲ್ಲ. ಡೂಪಿನ ಮುಖ ಕಂಡರೆ ಶಾಟ್ ಹಾಳು. ಮಗಳು ಶಾಲೆಯಲ್ಲಿ ನಮ್ಮಪ್ಪ ಸಿನಿಮಾದಲ್ಲಿದ್ದಾರೆ ಎಂದು ಕೊಚ್ಚಿಕೊಂಡು, ಗೆಳತಿಯರನ್ನು ಕರೆದುಕೊಂಡು ಹೋಗಿ, "ಅದೇ, ಅದೇ ನಮ್ಮಪ್ಪ" ಎಂದು ತೋರಿಸಿದ್ದು ಒಂದು ಬೆನ್ನು. "ನಿಮ್ಮಪ್ಪನಿಗೆ ಮುಖ ಇಲ್ವಾ?" ಎಂದು ಅವರು ವರ್ಷವಿಡೀ ರೇಗಿಸಿದ್ದರು. ಅವಳು ಈಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಆದರೂ ಅದನ್ನು ಮರೆತಿಲ್ಲ.

ಹಾಗಿರುವಾಗ ಬಂದದ್ದು ಈ ಸಿನಿಮಾ. ಕನ್ನಡಕದ ಯುವ ನಿರ್ದೇಶಕನೊಬ್ಬ ಅದೇ ಬಾಡಿಗೆ ಪುಸ್ತಕಗಳನ್ನು ಓದಿ ಕೆಟ್ಟವನು. ಹಾರುವ ಹಡಗು, ನೆಲದಡಿಯ ಊರು, ತಲೆತಿರುಕ ವಿಜ್ಞಾನಿ, ಬೆನ್ನಿಗೆ ಬೆಂಕಿಯ ಯಂತ್ರ ಕಟ್ಟಿಕೊಂಡು ಹಾರುವ ಟೋಪಿಯ ಹೀರೋ, ಎಲ್ಲವನ್ನೂ ಸೇರಿಸಿ, ನಕ್ಕು ಹೊಟ್ಟೆ ಹುಣ್ಣಾಗುವಂಥ ಸಾಹಸದ ಕಥೆ ಮಾಡಿದ್ದ. ಮೂಟೆಯ ಕೆಲಸ ವಿಜ್ಞಾನಿಯ ಬಂಟನೊಬ್ಬನಿಗೆ ಡೂಪ್ ಆಗಿ ಹಾರುವ ಹಡಗಿನಿಂದ ಬೀಳುವುದಷ್ಟೇ. ಬೀಳುವ ಮೊದಲು ಇವನು ಕೇಳಿದ.

"ಸಾರ್, ಹೀರೋ ಬಿದ್ದರೆ ಯಾವಾಗಲೂ ಏಳ್ತಾನೆ. ಈ ಬಡಪಾಯಿ ಯಾಕೆ ಏಳಬಾರದು?"

ನಿರ್ದೇಶಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬಂಟ ಎದ್ದು ಮಾತಾಡಬೇಕಾದರೆ ಬಿದ್ದವನ ಮುಖವೇ ಬೇಕು. ಅಲ್ಲೇ ದೃಶ್ಯ ಬದಲಾಯಿತು, ಬಂಟನ ಪಾತ್ರವೇ ಇವನದಾಯಿತು. ಹೀರೋ ಟೋಪಿ ತೆಗೆದು ಎದೆಗೊತ್ತಿಕೊಂಡು ದುಃಖ ಪಡುತ್ತಿರುವಾಗ ಬಂಟ ಒಂದು ಕಣ್ಣು ತೆರೆದು ಹೇಳಬೇಕು: "ನಾನಿನ್ನೂ ಸತ್ತಿಲ್ಲ ಸ್ವಾಮಿ, ಸ್ವಲ್ಪ ಸುಧಾರಿಸ್ಕೋತಿದೀನಿ."

ಗಿಳಿಯ ಹಾಗೆ ಮನೆಯಿಡೀ ಹೇಳಿಕೊಂಡು ತಿರುಗುತ್ತಿದ್ದ ಮಾತು ಇದೇ.

ತಿಥಿಯೆಲ್ಲ ಮುಗಿದು ಬಂದವರು ಹೊರಟ ಮೇಲೆ ನಿರ್ದೇಶಕ ಡಬ್ಬನ ಜೊತೆ ಬಂದ. ಹೊಲಿಗೆ ಮೆಷಿನ್ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತು, ಕೊಟ್ಟ ಟೀ ಕುಡಿಯದೆ ಕೈಯಲ್ಲೇ ಆರಿಸಿದ.

"ಅಮ್ಮಾ, ಆ ಒಂದು ದೃಶ್ಯ ತೆಗೆದುಬಿಡೋಣ ಅಂತಿದಾರೆ ನಿರ್ಮಾಪಕರು. ತೀರಿಹೋದವರ ಬಾಯಲ್ಲಿ ಆ ಮಾತು... ಗೌರವವಾಗಿರಲ್ಲ ಅಂತ. ಸಿನಿಮಾದ ಕೊನೆಗೆ ಅವರ ಫೋಟೋ ಹಾಕ್ತೀವಿ."

"ಫೋಟೋಗೆ ನಾವು ಗೋಡೆ ಇಟ್ಕೊಂಡಿದೀವಿ" ಎಂದಳು ಮಗಳು. "ನಮ್ಮಪ್ಪನ ಮುಖ ಬರೋದು ಅದೊಂದೇ ಕಡೆ. ಅದನ್ನೂ ತೆಗೆದು ಬೆನ್ನು ಮಾತ್ರ ಇಟ್ರೆ ಅದು ಗೌರವನಾ?"

"ಕೇಳು ಮಗಾ" ಎಂದ ಡಬ್ಬ. "ಥಿಯೇಟರಲ್ಲಿ ಅವನು ಅದನ್ನ ಹೇಳಿ ಜನ ಕೇಕೆ ಹಾಕಿ ನಕ್ಕರೆ ನಾನು ಅಲ್ಲಿ ಕೂತಿರಲಾರೆ. ನನ್ನ ಕೈಲಾಗಲ್ಲ."

"ಕೂರಬೇಡ ಚಿಕ್ಕಪ್ಪ. ಹೊರಗೆ ನಿಂತಿರು."

"ಅತ್ತಿಗೆ, ನೀವಾದ್ರೂ ಹೇಳಿ."

ಅವಳು ಇಷ್ಟು ಹೊತ್ತು ಮೆಷಿನ್ನಿನ ಗಾಲಿಯ ಮೇಲೆ ಕೈಯಿಟ್ಟು ಕೂತಿದ್ದಳು. ನಿರ್ದೇಶಕ ಮತ್ತೆ ಹೇಳಿದ. "ನೀವು ಬೇಡ ಅಂದ್ರೆ ತೆಗೀತೀವಿ, ಇರಲಿ ಅಂದ್ರೆ ನಾನು ಅವರ ಜೊತೆ ಜಗಳ ಆಡಿ ಉಳಿಸ್ತೀನಿ. ನಿಮ್ಮ ಮಾತೇ ಕೊನೆ."

"ನಾನು ಒಂದ್ಸಲ ನೋಡ್ಬೇಕು" ಎಂದಳು.

ಮರುದಿನ ಎಡಿಟಿಂಗ್ ಕೋಣೆಗೆ ನಾಲ್ವರೂ ಹೋದರು. ಕಿಟಕಿಯಿಲ್ಲದ ಚಿಕ್ಕ ಕೋಣೆ, ಯಂತ್ರಗಳಿಗಾಗಿ ಮೈ ನಡುಗುವಷ್ಟು ತಂಪು ಮಾಡಿದ್ದರು. ಎಡಿಟರ್ ಕುಳ್ಳಗಿನ, ಮಾತು ಕಡಿಮೆಯ ಹೆಂಗಸು. ತಾನು ಹೊದ್ದಿದ್ದ ಶಾಲನ್ನು ತೆಗೆದು ಇವಳ ಹೆಗಲಿಗೆ ಹಾಕಿ ಕುರ್ಚಿ ಎಳೆದುಕೊಟ್ಟಳು. ಡಬ್ಬ ಬಾಗಿಲ ಹೊರಗೇ ನಿಂತ.

ಪರದೆಯ ಮೇಲೆ ಹಾರುವ ಹಡಗಿನಿಂದ ಏಣಿಯೊಂದು ಇಳಿಬಿದ್ದಿತ್ತು. ಏಣಿಯ ತುದಿಯಲ್ಲಿ ಹಳದಿ ಕಾಲುಚೀಲದ ಬಂಟ ನೇತಾಡುತ್ತಿದ್ದ. ಹೀರೋ ಅವನ ಕೈ ಹಿಡಿಯಲು ಹೋದ, ಕೈಗೆ ಬಂದದ್ದು ಕೈಗವಸು ಮಾತ್ರ. ಬಂಟ ಆ ಖಾಲಿ ಕೈಯನ್ನು ನೋಡಿ, ಹೀರೋನನ್ನು ನೋಡಿ, ಇನ್ನೇನು ಮಾಡುವುದು ಎಂಬಂತೆ ಹುಬ್ಬು ಹಾರಿಸಿ, ಬಿದ್ದ. ಮಗಳ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು. ಅದು ಅಪ್ಪನ ಮುಖ. ದೊಡ್ಡದಾಗಿ, ಪರದೆ ತುಂಬ, ಮನೆಯಲ್ಲಿ ಉಪ್ಪು ಕಡಿಮೆಯಾದಾಗ ಹಾರಿಸುತ್ತಿದ್ದ ಅದೇ ಹುಬ್ಬು.

ಅವನು ಸಂತೆಯ ನಡುವೆ, ಕುಂಬಳಕಾಯಿ ರಾಶಿಯ ಪಕ್ಕದಲ್ಲಿ ನೆಲಕ್ಕೆ ಬಿದ್ದ. ಪಟ್, ದೊಪ್.

ಸಂಗೀತ ನಿಂತಿತು. ಬಂಟ ಮಿಸುಕದೆ ಬಿದ್ದಿದ್ದ. ಹೀರೋ ಬಂದು ಟೋಪಿ ತೆಗೆದ. ಯಾರೂ ಮಾತಾಡಲಿಲ್ಲ. ಎಲ್ಲಿಂದಲೋ ಒಂದು ಪಾರಿವಾಳ ಬಂದು, ಬಂಟನ ಕಾಲ ಬಳಿ ನಿಂತು, ಅವನ ಮೈ ಹತ್ತಿ, ಬೆನ್ನ ಮೇಲೆ ನಿಧಾನವಾಗಿ ನಡೆಯತೊಡಗಿತು.

ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಅವಳು ಎದ್ದಿದ್ದಳು. ಎದ್ದದ್ದಷ್ಟೇ ಅಲ್ಲ, ಓಡಿದ್ದಳು. ಕತ್ತಲಲ್ಲಿ ಮುಂದಿದ್ದ ಮೇಜಿಗೆ ಮೊಣಕಾಲು ಹೊಡೆದುಕೊಂಡು, ಪರದೆಗೆ ಎರಡೂ ಅಂಗೈ ಊರಿ ನಿಂತಿದ್ದಳು. ಅವಳ ಕೈಗಳ ಮೇಲೆ ಪಾರಿವಾಳ ನಡೆಯುತ್ತಿತ್ತು. ಅವಳ ಹಿಂದಿನಿಂದ ಅವನ ದನಿ ಬಂತು, ಕೋಣೆ ತುಂಬ.

"ನಾನಿನ್ನೂ ಸತ್ತಿಲ್ಲ ಸ್ವಾಮಿ, ಸ್ವಲ್ಪ ಸುಧಾರಿಸ್ಕೋತಿದೀನಿ."

ಎಡಿಟರ್ ಚಿತ್ರವನ್ನು ನಿಲ್ಲಿಸಿ ದೀಪ ಹಾಕಿದಳು. ನಿರ್ದೇಶಕನ ಮುಖ ಬಿಳಿಚಿಕೊಂಡಿತ್ತು. "ಕ್ಷಮಿಸಿ ಅಮ್ಮಾ, ನಾನು ತೋರಿಸಲೇಬಾರದಿತ್ತು. ತೆಗೆದುಬಿಡ್ತೀವಿ, ಇವತ್ತೇ ತೆಗೀತೀವಿ."

"ನನಗೆ ಕೇಳಿಸಿತ್ತು" ಎಂದಳು ಅವಳು.

ಮಗಳು ಹತ್ತಿರ ಬಂದಳು. "ಏನಮ್ಮಾ?"

"ಮೆಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ ಅಂತ ಎಲ್ಲರಿಗೂ ಹೇಳ್ತಿದೀಯಲ್ಲ. ಕೇಳಿಸಿತ್ತು. ನಿಮ್ಮಪ್ಪ ಬಿದ್ದರೆ ಮೊದಲು ಕೈ ಪಟ್ ಅನ್ನುತ್ತೆ, ಆಮೇಲೆ ಮೈ ದೊಪ್ ಅನ್ನುತ್ತೆ. ಅವತ್ತು ಬರೀ ದೊಪ್ ಅಂತು. ಅದೂ ಗೊತ್ತಾಗಿತ್ತು ನನಗೆ. ಗೊತ್ತಾಗಿ, ಜಿಪ್ಪು ಹೊಲಿದು ಮುಗಿಸಿದೆ."

 ಬಾಗಿಲಲ್ಲಿ ಡಬ್ಬ ಬಂದು ನಿಂತಿದ್ದ. ಅವನಿಗಾದರೂ ಗೊತ್ತಿತ್ತು ಮುಟ್ಟಬಾರದ ನಿಯಮ, ಅದನ್ನು ಅವನೇ ನೂರು ಜನರಿಗೆ ಕಲಿಸಿದ್ದ. ಒಳಗೆ ಬಂದು, ಬಿದ್ದಿದ್ದ ಕುರ್ಚಿಯನ್ನು ಎತ್ತಿ ಅವಳ ಹಿಂದೆ ಇಟ್ಟ. ಮಗಳು ಅಮ್ಮನ ಮುಖವನ್ನು ಈಗ ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಆಮೇಲೆ ಕೆಳಗೆ ಕೂತು, ಅಮ್ಮನ ಮೊಣಕಾಲಿನಲ್ಲಿ ಬಾತುಕೊಳ್ಳುತ್ತಿದ್ದ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿದಳು.

"ದೃಶ್ಯ ಇರಲಿ" ಎಂದಳು ಅವಳು ನಿರ್ದೇಶಕನಿಗೆ. "ಮಾತೂ ಇರಲಿ. ನಗ್ಲಿ ಅಂತಾನೇ ಅಲ್ವಾ ಅವರು ಅಷ್ಟು ಸಲ ಹೇಳಿ ಹೇಳಿ ನನ್ನ ತಲೆ ತಿಂದಿದ್ದು. ಆದರೆ ಅಷ್ಟು ಹೊತ್ತು ಮಲಗಿಸ್ಬೇಡಿ."

"ಅಂದ್ರೆ?"

"ಬೇಗ ಎಬ್ಬಿಸಿ."

ನಿರ್ದೇಶಕ ತಲೆ ಕೆರೆದುಕೊಂಡ. ಹೇಳಲೋ ಬೇಡವೋ ಎಂಬಂತೆ ನಿಧಾನವಾಗಿ ಹೇಳಿದ. "ಅಮ್ಮಾ, ಆ ಸುಮ್ಮನಿರೋದರಲ್ಲೇ ನಗು ಇರೋದು. ಸತ್ತೇ ಹೋದ ಅಂತ ಜನ ನಂಬಬೇಕು. ಆಮೇಲೆ ಅವರು ಕಣ್ಣು ಬಿಟ್ಟರೆ ನಗು ಬರುತ್ತೆ. ಆ ಪಾರಿವಾಳನ ನಡೆಸೋಕೆ ನಾವು ಒಂದಿಡೀ ದಿನ ಹೆಣಗಾಡಿದೀವಿ. ಅದು ಹೋದರೆ ಜೋಕೇ ಹೋಯ್ತು."

"ಹೋಗ್ಲಿ. ಜನ ನಂಬೋದು ಬೇಡ."

ಅವನು ಎಡಿಟರ್ ಕಡೆ ನೋಡಿದ. ಆಕೆ ಆಗಲೇ ಯಂತ್ರದ ಮುಂದೆ ಕೂತಿದ್ದಳು. ಗುಂಡಿಗಳ ಮೇಲೆ ಬೆರಳುಗಳು ಓಡಿದವು. ಬಂಟ ಬಿದ್ದದ್ದು ಒಂದು ಕಡೆ, ಕಣ್ಣು ಬಿಟ್ಟದ್ದು ಇನ್ನೊಂದು ಕಡೆ. ನಡುವಿನ ತುಂಡನ್ನು, ಮೌನ, ಟೋಪಿ, ಪಾರಿವಾಳ ಎಲ್ಲವನ್ನೂ ಹೊರಗೆಳೆದು ಎರಡು ತುದಿಗಳನ್ನು ಕೂಡಿಸಿದಳು. ದೀಪ ಆರಿಸಿದಳು.

ಅವನು ಬಿದ್ದ. ಪಟ್, ದೊಪ್. ಬಿದ್ದವನೇ ಕಣ್ಣು ತೆರೆದ. ರಸ್ತೆಯಲ್ಲಿ ಜಾರಿಬಿದ್ದವನು ಯಾರಾದರೂ ನೋಡಿಬಿಟ್ಟರೇನೋ ಎಂದು ಗಡಿಬಿಡಿಯಲ್ಲಿ ಏಳುತ್ತಾನಲ್ಲ, ಹಾಗೆ, ಯಾರೂ ಕೇಳುವ ಮೊದಲೇ ಹೇಳಿದ: ನಾನಿನ್ನೂ ಸತ್ತಿಲ್ಲ ಸ್ವಾಮಿ.

ನಿರ್ದೇಶಕನ ಗಂಟಲಿಂದ ಫಕ್ಕನೆ ನಗು ಹೊರಬಿತ್ತು. ಅವನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದ. ಅವಳು ನಗಲಿಲ್ಲ. ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು, ಈ ಸಲ ಏಳಲಿಲ್ಲ.

"ಇದು ಸರಿ" ಎಂದಳು.

ಶಾಲು ಮಡಚಿ ಎಡಿಟರ್‌ಗೆ ಕೊಟ್ಟಳು. ಬಾಗಿಲವರೆಗೆ ಕುಂಟುತ್ತಾ ಹೋದವಳು ತಿರುಗಿ ನಿಂತು ಕೇಳಿದಳು. "ಆ ತೆಗೆದ ಚೂರು ಏನಾಗುತ್ತೆ?"

"ತೆಗೆದದ್ದೆಲ್ಲ ಇಟ್ಟಿರ್ತೀವಿ ಅಕ್ಕಾ" ಎಂದಳು ಎಡಿಟರ್. "ಯಾವಾಗಲಾದ್ರೂ ಬೇಕಾಗಬಹುದು ಅಂತ."

"ಅವರು ಅದರಲ್ಲಿ ಬಿದ್ದೇ ಇರ್ತಾರಾ?"

ಎಡಿಟರ್ ಯಂತ್ರದ ಕಡೆ ತಿರುಗಿದಳು. ನಿರ್ದೇಶಕ ಬೇಡ ಎಂಬಂತೆ ಕೈ ಎತ್ತಿದವನು ಹಾಗೆಯೇ ಇಳಿಸಿದ. ಅವಳು ಬಾಗಿಲಿನಿಂದ ಮರಳಿ ಬಂದು ಯಂತ್ರದ ಪಕ್ಕದಲ್ಲಿ ನಿಂತಳು. ಗಾಜಿನ ಮೂಲೆಯಲ್ಲಿ ಒಂದು ಚಿಕ್ಕ ಚೌಕ, ಅದರೊಳಗೆ ಬೆರಳಿನುಗುರಿನಷ್ಟು ಮೂಟೆ ಬೋರಲಾಗಿ ಬಿದ್ದಿದ್ದ. ಎಡಿಟರ್ ಒಂದು ಗುಂಡಿ ಒತ್ತಿದಳು. ನಿಜವಾಗಲೂ ಅಳಿಸಬೇಕೇ ಎಂದು ಯಂತ್ರ ಕೇಳಿತು. ಆಕೆ ಕತ್ತೆತ್ತಿ ಇವಳನ್ನು ನೋಡಿದಳು.

ಅವಳು ಹೂಂ ಎಂದಳು. ಚೌಕ ಇದ್ದ ಜಾಗದಲ್ಲಿ ಏನೂ ಉಳಿಯಲಿಲ್ಲ. ಇಷ್ಟು ಸಲೀಸಾಗಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಡಬ್ಬ ಬಂದು ಕೈ ಚಾಚುವವರೆಗೆ ಆ ಖಾಲಿ ಜಾಗವನ್ನೇ ನೋಡುತ್ತಾ ನಿಂತಿದ್ದಳು.